ದೀವಟಿಗೆ ಎಣಿಸಿದವನ ದಿನಚರಿ: ಹೆನ್ರಿ ಮೇಚಿನ್‌ನನ್ನು ಓದುವ ಬಗೆ

1550ರಿಂದ 1563ರವರೆಗೆ ಲಂಡನ್ನಿನ ಬೀದಿಗಳಲ್ಲಿ ಏನು ನಡೆಯಿತು ಎಂದು ತಿಳಿಯಬೇಕಾದವರು ಹೆನ್ರಿ ಮೇಚಿನ್‌ನ ದಿನಚರಿಗೆ ಹೋಗಲೇಬೇಕು. ಆ ಹದಿಮೂರು ವರ್ಷಗಳಲ್ಲಿ ಇಂಗ್ಲೆಂಡನ್ನು ಆರನೇ ಎಡ್ವರ್ಡ್ ಆಳಿದ, ಕೆಲವೇ ದಿನ ಜೇನ್ ಗ್ರೇ ರಾಣಿ ಅನ್ನಿಸಿಕೊಂಡಳು, ಮೇರಿ ಬಂದಳು, ಎಲಿಜಬೆತ್ ಬಂದಳು. ಎಡ್ವರ್ಡನದು ಪ್ರಾಟೆಸ್ಟೆಂಟ್ ಚರ್ಚು, ಮೇರಿಯದು ರೋಮಿನ ಕ್ಯಾಥೊಲಿಕ್ ಚರ್ಚು, ಎಲಿಜಬೆತ್‌ಳದು ಮತ್ತೆ ಪ್ರಾಟೆಸ್ಟೆಂಟ್. ಇಷ್ಟೆಲ್ಲವನ್ನೂ ಬೀದಿಯ ಮಟ್ಟದಲ್ಲಿ ನಿಂತು ನೋಡಿ, ತಾರೀಖು ಹಾಕಿ ಬರೆದಿಟ್ಟ ಸಾಮಾನ್ಯ ನಾಗರಿಕನ ಬರಹ ಇಷ್ಟು ದೀರ್ಘವಾಗಿ ಇನ್ನೊಂದು ಸಿಗುವುದು ಕಷ್ಟ.

ಆದರೂ ಮೊದಲ ಸಲ ಓದುವವರು ಹತ್ತು ಪುಟ ದಾಟುವ ಮೊದಲೇ ಸುಸ್ತಾಗುತ್ತಾರೆ. ದಿನಚರಿ ಎಂದರೆ ಬರೆದವನ ಮನಸ್ಸು ತೆರೆದುಕೊಳ್ಳುತ್ತದೆ ಎಂಬ ನಿರೀಕ್ಷೆ ಇಲ್ಲಿ ಈಡೇರುವುದಿಲ್ಲ. ಪುಟ ತಿರುವಿದಷ್ಟೂ ಶವಸಂಸ್ಕಾರ. ಇಂಥ ದಿನ ಇಂಥ ನೈಟ್ ಪದವಿಯವರನ್ನು ಇಂಥ ಚರ್ಚಿನಲ್ಲಿ ಹೂಳಲಾಯಿತು, ಇಷ್ಟು ಧ್ವಜ, ಇಷ್ಟು ಡಜನ್ ದೀವಟಿಗೆ, ಇಷ್ಟು ಮಂದಿ ಬಡವರಿಗೆ ನಿಲುವಂಗಿ. ಇದನ್ನು ಹಾರಿಸಿಕೊಂಡು ರಾಜಕೀಯ ಇರುವ ಸಾಲುಗಳನ್ನಷ್ಟೇ ಹೆಕ್ಕುವವರು ಬಹಳ. ಅದು ತಪ್ಪು ಹಾದಿ ಎಂಬುದು ನನ್ನ ಖಚಿತ ಅಭಿಪ್ರಾಯ. ಶವಸಂಸ್ಕಾರದ ಪಟ್ಟಿಗಳನ್ನು ಓದಲು ಕಲಿತವರಿಗೇ ಉಳಿದ ಸಾಲುಗಳ ಬೆಲೆ ಕಟ್ಟಲು ಬರುತ್ತದೆ.

ಏಕೆಂದರೆ ಅದು ಅವನ ಕಸುಬು. ಮೇಚಿನ್ ಹುಟ್ಟಿದ್ದು 1496 ಅಥವಾ 1498ರಲ್ಲಿ. ಲಂಡನ್ನಿನ ದರ್ಜಿಗಳ ಮರ್ಚೆಂಟ್ ಟೇಲರ್ಸ್ ಸಂಘದ ಸದಸ್ಯ. ಕ್ವೀನ್‌ಹೈತ್ ವಾರ್ಡಿನ ಹೋಲಿ ಟ್ರಿನಿಟಿ ದಿ ಲೆಸ್ ಎಂಬ ಚಿಕ್ಕ ಚರ್ಚಿನ ಗುಮಾಸ್ತನೂ, ಅಂದರೆ ಪೂಜೆಯಲ್ಲಿ ಪಾದ್ರಿಗೆ ನೆರವಾಗಿ ಹಾಡುವವನೂ ಆಗಿದ್ದ. (ಆ ಚರ್ಚು 1666ರ ಮಹಾ ಬೆಂಕಿಯಲ್ಲಿ ಸುಟ್ಟುಹೋಯಿತು, ಮತ್ತೆ ಕಟ್ಟಲಿಲ್ಲ.) ಶ್ರೀಮಂತರ ಶವಯಾತ್ರೆಗೆ ಬೇಕಾದ ಬಟ್ಟೆ, ಪತಾಕೆ, ಲಾಂಛನದ ಫಲಕಗಳನ್ನು ಒದಗಿಸುವುದು ಅವನ ವ್ಯಾಪಾರ. ದಿನಚರಿ ಆರಂಭವಾಗುವ ಕಾಲದ ದೊಡ್ಡ ಸಾವು ಸೌತಾಂಪ್ಟನ್ನಿನ ಅರ್ಲ್ ಥಾಮಸ್ ರಯತ್‌ಸ್ಲಿಯದು, 1550ರ ಜುಲೈ ಕೊನೆಯದು. ಅಲ್ಲಿಂದ ಮುಂದೆ ಬರಹ ಒಂದು ಕಸುಬಿನ ವಹಿಯಂತೆ ಬೆಳೆಯುತ್ತದೆ. ಹಸ್ತಪ್ರತಿಯಲ್ಲಿ ಹೆಸರಿಗೋ ಸಂಖ್ಯೆಗೋ ಜಾಗ ಬಿಟ್ಟು ಮುಂದೆ ಹೋದ ಎಡೆಗಳು ಹಲವಿವೆ. ಆಮೇಲೆ ವಿಚಾರಿಸಿ ತುಂಬೋಣ ಎಂದುಕೊಂಡು ಬಿಟ್ಟ ಜಾಗಗಳಂತೆ ಅವು ಕಾಣುತ್ತವೆ.

ಅವನ ಒಂದು ನಮೂದನ್ನು ಬಿಡಿಸಿ ನೋಡೋಣ. ನೈಟ್ ಪದವಿಯವನ ಶವಯಾತ್ರೆ ಎಂದರೆ ಸಾಮಾನ್ಯವಾಗಿ ಒಂದು ಉದ್ದನೆಯ ಧ್ವಜ, ಒಂದು ಕಿರುಪತಾಕೆ, ಕುಲಲಾಂಛನ ಬಿಡಿಸಿದ ಮೇಲಂಗಿ, ಗುರಾಣಿ, ಕತ್ತಿ, ಶಿರಸ್ತ್ರಾಣ, ಅದರ ನೆತ್ತಿಯ ಮೇಲೆ ಕೂರುವ ಲಾಂಛನದ ಆಕೃತಿ. ಇವು ಒಂದೊಂದೇ. ಇವುಗಳ ಜತೆಗೆ ಲಾಂಛನ ಬರೆದ ಚಿಕ್ಕ ಫಲಕಗಳು ಡಜನ್ ಲೆಕ್ಕದಲ್ಲಿ, ಕೈಯಲ್ಲಿ ಹಿಡಿಯುವ ದೀವಟಿಗೆಗಳೂ ಡಜನ್ ಲೆಕ್ಕದಲ್ಲಿ. ದೀವಟಿಗೆ ಹಿಡಿಯುವವರು ಬಡ ಗಂಡಸರು, ಕೆಲವೊಮ್ಮೆ ಹೆಂಗಸರು. ಅವರಿಗೆ ಸತ್ತವರ ಮನೆಯಿಂದ ಹೊಸ ನಿಲುವಂಗಿ. ಚರ್ಚಿನೊಳಗೆ ಶವಪೆಟ್ಟಿಗೆಯ ಮೇಲೆ ಮೇಣದ ಬತ್ತಿಗಳನ್ನು ಹೊತ್ತ ಮರದ ಚೌಕಟ್ಟು. ಮೆರವಣಿಗೆಯ ಕ್ರಮ ನೋಡಿಕೊಳ್ಳಲು ಹೆರಾಲ್ಡರು. ಕುಲಲಾಂಛನಗಳ ಹಕ್ಕು, ಪದವಿಗೆ ತಕ್ಕ ಮರ್ಯಾದೆ ಇವುಗಳನ್ನು ಕಾಯುವ ಅರಮನೆಯ ಅಧಿಕಾರಿಗಳು ಇವರು. ಕೊನೆಗೆ ಯಾರು ಉಪದೇಶ ಮಾಡಿದರು, ಊಟ ಎಲ್ಲಿ ಆಯಿತು.

ಪದವಿ ಏರಿದಂತೆ ಈ ಪಟ್ಟಿ ಏರುತ್ತದೆ, ಮನಸ್ಸು ಬಂದಂತೆ ಏರಿಸುವ ಹಾಗಿಲ್ಲ. ನೈಟ್‌ಗೆ ಸಲ್ಲುವುದು ಬರೀ ಸಿರಿವಂತ ವರ್ತಕನಿಗೆ ಸಲ್ಲದು. ಹಾಗಾಗಿ ಮೇಚಿನ್ ಕೊಡುವ ವಸ್ತುಗಳ ಪಟ್ಟಿಯಿಂದಲೇ ಸತ್ತವನು ಸಮಾಜದ ಯಾವ ಮೆಟ್ಟಿಲಲ್ಲಿದ್ದ ಎಂದು ಹೇಳಬಹುದು. ದೀವಟಿಗೆ ಮತ್ತು ನಿಲುವಂಗಿಯ ಸಂಖ್ಯೆ ಮಾತ್ರ ಕುಟುಂಬದ ಕೈ ಎಷ್ಟು ಧಾರಾಳ ಎಂಬುದನ್ನು ತೋರಿಸುತ್ತದೆ. ಇವೆರಡನ್ನು ಬೇರೆ ಬೇರೆ ಇಟ್ಟುಕೊಂಡು ಓದಬೇಕು. ಗಂಭೀರವಾಗಿ ಕೆಲಸ ಮಾಡುವವರು ಒಂದು ಕೋಷ್ಟಕ ಮಾಡಿಕೊಳ್ಳಲಿ: ತಾರೀಖು, ಹೆಸರು, ಪದವಿ, ಚರ್ಚು, ಒಂದೊಂದೇ ಬರುವ ವಸ್ತುಗಳು, ಡಜನ್ ಲೆಕ್ಕದವು, ಬಡವರ ಸಂಖ್ಯೆ, ಹೆರಾಲ್ಡರು, ಉಪದೇಶಕ. ಐವತ್ತು ಅರವತ್ತು ನಮೂದು ತುಂಬುವ ಹೊತ್ತಿಗೆ ಯಾವುದು ರೂಢಿ, ಯಾವುದು ವಿಶೇಷ ಎಂದು ಕಣ್ಣಿಗೇ ಕಾಣತೊಡಗುತ್ತದೆ.

ಧರ್ಮದ ಬದಲಾವಣೆಯೂ ಮೊದಲು ತೋರುವುದು ಇದೇ ಪಟ್ಟಿಗಳಲ್ಲಿ. ಮೇರಿಯ ಕಾಲದಲ್ಲಿ ಸಂತರ ಚಿತ್ರವಿರುವ ಪತಾಕೆಗಳು, ಮೇಣದ ಬತ್ತಿ, ಸತ್ತವರ ಆತ್ಮಕ್ಕಾಗಿ ರಾತ್ರಿ ಹಾಡುವ ಪ್ರಾರ್ಥನೆ, ಮರುದಿನದ ಪೂಜೆ ಎಲ್ಲ ತಿರುಗಿ ಬರುತ್ತವೆ. ಎಲಿಜಬೆತ್ ಬಂದ ಮೇಲಿನ 1559ರ ಏಪ್ರಿಲ್ 7ರ ನಮೂದು ಇದಕ್ಕೆ ತದ್ವಿರುದ್ಧ. ಒಬ್ಬ ಹೆಂಗಸಿನ ಶವವನ್ನು ತರುತ್ತಾರೆ. ಜನ ಬಹಳ, ಇಬ್ಬಿಬ್ಬರಾಗಿ ನಡೆಯುತ್ತಾರೆ. ಪಾದ್ರಿಯೂ ಇಲ್ಲ, ಹಾಡುವ ಗುಮಾಸ್ತರೂ ಇಲ್ಲ. ಹೊಸ ಉಪದೇಶಕರು ಸಾಮಾನ್ಯ ಗೃಹಸ್ಥರಂತೆ ನಿಲುವಂಗಿ ತೊಟ್ಟಿದ್ದಾರೆ. ಗುಂಡಿಯ ಬಳಿ ಬರುವವರೆಗೆ ಹಾಡೂ ಇಲ್ಲ, ಮಂತ್ರವೂ ಇಲ್ಲ. ಅಲ್ಲಿ ಇಂಗ್ಲಿಷಿನಲ್ಲಿ ಒಂದು ಪ್ರಾರ್ಥನೆ, ಮಣ್ಣು ಹಾಕುವುದು, ಬೈಬಲಿನಿಂದ ಥೆಸಲೋನಿಕದವರಿಗೆ ಪೌಲ ಬರೆದ ಪತ್ರದ ಪಾಠ, ಆಮೇಲೆ ಎಲ್ಲರೂ ಸೇರಿ ಇಂಗ್ಲಿಷಿನಲ್ಲಿ ಪ್ರಾರ್ಥನೆ ಹಾಡುವುದು, ಉಪದೇಶ. ಮೇಚಿನ್ ಇದನ್ನು ಹೊಸ ರೀತಿ ಎಂದಷ್ಟೇ ಕರೆದು ಸುಮ್ಮನಾಗುತ್ತಾನೆ. ವರ್ಷಾನುಗಟ್ಟಲೆ ಗುಮಾಸ್ತನಾಗಿ ಹಾಡಿದವನು, ಪತಾಕೆ ಮಾರಿದವನು ಏನೇನು ಇರಲಿಲ್ಲ ಎಂದು ಒಂದೊಂದಾಗಿ ಬರೆಯುವಾಗ ಬೇರೆ ಟೀಕೆ ಬೇಕಿಲ್ಲ. ಇಂಥ ಶವಸಂಸ್ಕಾರ ಬೆಳೆದಷ್ಟೂ ಅವನ ಗಿರಾಕಿ ಕಡಿಮೆಯಾಗುತ್ತದೆ ಎಂಬುದನ್ನೂ ಮರೆಯಬಾರದು.

ಅದೇ ವರ್ಷ ಆಗಸ್ಟ್ 24ರ ಸಂತ ಬಾರ್ತಲೊಮ್ಯೂ ಹಬ್ಬದ ಹೊತ್ತಿಗೆ ಚರ್ಚುಗಳಿಂದ ಕಿತ್ತ ಶಿಲುಬೆಗಳನ್ನು, ಯೇಸುವಿನ ತಾಯಿ ಮೇರಿ ಮತ್ತು ಯೋಹಾನರ ವಿಗ್ರಹಗಳನ್ನು ಚೀಪ್‌ಸೈಡಿನ ಬೀದಿಯಲ್ಲಿ ಸುಟ್ಟದ್ದು, ಸೆಪ್ಟೆಂಬರಿನಲ್ಲಿ ಸೇಂಟ್ ಆಂಥೊಲಿನ್ ಚರ್ಚಿನಲ್ಲಿ ಬೆಳಗಿನ 5 ಗಂಟೆಗೆ ಗಂಟೆ ಬಾರಿಸಿ ಜಿನೀವಾದ ಪ್ರಾಟೆಸ್ಟೆಂಟರ ಮಾದರಿಯ ಪ್ರಾರ್ಥನೆ ಶುರುವಾಗಿ ಗಂಡಸರು, ಹೆಂಗಸರು, ಹುಡುಗರು ಕೂಡಿ ಹಾಡಿದ್ದು, ಇವೂ ಇವೆ. ಹೊಸ ಧರ್ಮ ಲಂಡನ್ನಿನ ಕಿವಿಗೆ ಹೇಗೆ ಬಿತ್ತು ಎಂಬುದಕ್ಕೆ ಇವು ಅಮೂಲ್ಯ ಸಾಕ್ಷಿ. ಕಾನೂನಿನ ದಾಖಲೆಗಳಲ್ಲಿ ಈ ಸದ್ದು ಸಿಗುವುದಿಲ್ಲ.

ಇನ್ನು ಮರಣದಂಡನೆ. ಇಲ್ಲಿ ಎರಡು ದಿನಚರಿಗಳನ್ನು ಪಕ್ಕಪಕ್ಕ ಇಡುವ ಅಪರೂಪದ ಅವಕಾಶವಿದೆ. ರಾಜ ಎಡ್ವರ್ಡನೂ ತನ್ನ ಕೈಯಾರೆ ದಿನಚರಿ ಬರೆಯುತ್ತಿದ್ದ. 1552ರ ಜನವರಿ 22ರಂದು ಅವನ ಸೋದರಮಾವ ಸಾಮರ್‌ಸೆಟ್ ಡ್ಯೂಕ್‌ನ ತಲೆ ಹಾರಿಸಲಾಯಿತು. ಹದಿನಾಲ್ಕು ವರ್ಷದ ಆ ರಾಜ ಬರೆದದ್ದು ಒಂದೇ ಸಾಲು: ಟವರ್ ಹಿಲ್ಲಿನಲ್ಲಿ ಬೆಳಗ್ಗೆ 8 ಮತ್ತು 9ರ ನಡುವೆ ಡ್ಯೂಕ್‌ನ ತಲೆ ಕಡಿಯಲಾಯಿತು. ಮೇಚಿನ್‌ನ ನಮೂದಿನಲ್ಲಿ ಜನ ಇದ್ದಾರೆ. ಡ್ಯೂಕ್ ಸಾಯುವ ಮುನ್ನ ಫಿರಂಗಿ ಹಾರಿದಂತೆ, ದೊಡ್ಡ ಕುದುರೆಗಳು ನುಗ್ಗಿದಂತೆ ಗುಡುಗುಟ್ಟುವ ಸದ್ದು. ಹೆದರಿದ ಜನ ಒಬ್ಬರ ಮೇಲೊಬ್ಬರು ಬಿದ್ದರು, ಆಯುಧ ಹಿಡಿದ ಕಾವಲಿನವರೂ ಬಿದ್ದರು, ಕೆಲವರು ಪಕ್ಕದ ಟವರ್ ಕೋಟೆಯ ಕಂದಕಕ್ಕೇ ಉರುಳಿದರು. ಆ ಕಡೆಯವರಿಗೆ ಈ ಕಡೆಯವರು ಕೊಲ್ಲಲು ಶುರುಮಾಡಿದ್ದಾರೆ ಎಂಬ ಭಯ. ಸದ್ದಿನ ಕಾರಣ ಮೇಚಿನ್‌ಗೆ ಗೊತ್ತಿಲ್ಲ. ಅಲ್ಲೇ ಇದ್ದ ಜಾನ್ ಸ್ಟೋ ಎಂಬ ಇನ್ನೊಬ್ಬ ದರ್ಜಿ ಚರಿತ್ರಕಾರ ವಿವರಿಸುತ್ತಾನೆ: ಸುತ್ತಲ ಹಳ್ಳಿಗಳಿಂದ ಕಾವಲಿಗೆ ಬರಬೇಕಿದ್ದ ಗುಂಪು ತಡವಾಗಿ ಬಂದು, ಆಯುಧ ಹಿಡಿದು ಓಡೋಡಿ ಸೇರಿಕೊಂಡದ್ದರಿಂದ ಆದ ಗಾಬರಿ ಅದು. ಒಂದು ಘಟನೆಗೆ ಅರಮನೆಯ ಸಾಲು, ಬೀದಿಯ ಸಾಲು, ವಿಚಾರಿಸಿ ಬರೆದ ಸಾಲು ಮೂರೂ ಸಿಗುತ್ತವೆ. ಮೂರನ್ನೂ ಓದದೆ ಸಾಮರ್‌ಸೆಟ್‌ನ ಸಾವಿನ ಬಗ್ಗೆ ಬರೆಯಬಾರದು ಎನ್ನುವೆ.

ಸಂಖ್ಯೆಯ ವಿಷಯದಲ್ಲಿ ಇಲ್ಲೇ ಒಂದು ಎಚ್ಚರಿಕೆ. ಆ ಗಾಬರಿಯಲ್ಲಿ ಬಿದ್ದವರಿಗೆ ಮೇಚಿನ್ ಸಾವಿರ, ನೂರು ಎಂಬ ದುಂಡು ಸಂಖ್ಯೆ ಹಾಕುತ್ತಾನೆ. ಅವು ಬಹಳ ಜನ ಎಂಬುದಕ್ಕೆ ಆಡುವ ಮಾತು. ಅದೇ ಮನುಷ್ಯ ಎರಡು ಡಜನ್ ದೀವಟಿಗೆ ಎಂದು ಬರೆದರೆ ಅದನ್ನು ಎಣಿಸಿದ ಲೆಕ್ಕವೆಂದು ಹೆಚ್ಚು ಧೈರ್ಯದಿಂದ ಒಪ್ಪಬಹುದು. ಕೊಂಡು ಮಾರುವ ವಸ್ತುವಿನ ಸಂಖ್ಯೆಗೆ ಒಂದು ತೂಕ, ಜನಜಂಗುಳಿಯ ಸಂಖ್ಯೆಗೆ ಇನ್ನೊಂದು ತೂಕ.

ಹೆಸರುಗಳದ್ದು ಬೇರೆಯೇ ತೊಡಕು. 1553ರ ಜುಲೈ 10ರಂದು ಜೇನ್ ರಾಣಿ ಎಂದು ಲಂಡನ್ನಿನಲ್ಲಿ ಸಾರಿದರು. ಮೇರಿಗೇ ನ್ಯಾಯವಾದ ಹಕ್ಕು ಎಂದು ಬಾಯಿಬಿಟ್ಟ ಒಬ್ಬ ಹುಡುಗನನ್ನು ಹಿಡಿದು ಮರುದಿನ ಬೆಳಗ್ಗೆ 8 ಗಂಟೆಗೆ ತಲೆ ಕೈ ಸಿಕ್ಕಿಸುವ ಶಿಕ್ಷೆಯ ಕಂಬಕ್ಕೆ ಕಟ್ಟಿ, ತುತ್ತೂರಿ ಊದಿಸಿ, ಹೆರಾಲ್ಡನ ಎದುರಿಗೇ ಎರಡೂ ಕಿವಿ ಕತ್ತರಿಸಿದರು. ಅದೇ ದಿನ ಆ ಹುಡುಗನ ಯಜಮಾನ ಲಂಡನ್ ಸೇತುವೆಯ ಬಳಿ ನೀರಿನಲ್ಲಿ ಮುಳುಗಿ ಸತ್ತ. ಮೇಚಿನ್ ಹುಡುಗನ ಹೆಸರು ಕೊಡುವುದಿಲ್ಲ, ಯಜಮಾನನ ಹೆಸರನ್ನು ಹಿಂದುಮುಂದು ಮಾಡುತ್ತಾನೆ. ಉಳಿದ ದಾಖಲೆಗಳಿಂದ ಹುಡುಗ ಗಿಲ್ಬರ್ಟ್ ಪಾಟರ್, ಯಜಮಾನ ನಿನಿಯನ್ ಸಾಂಡರ್ಸ್ ಎಂದು ತಿಳಿಯುತ್ತದೆ. ಕಿವಿಗೆ ಬಿದ್ದ ಹೆಸರನ್ನು ಬಿದ್ದಂತೆಯೇ ಬರೆಯುವುದು ಅವನ ಅಭ್ಯಾಸ. ಕಾಗುಣಿತವೂ ಹಾಗೇ, ಒಂದೇ ಪದ ಒಂದೇ ಪುಟದಲ್ಲಿ ಎರಡು ಬಗೆ. ಎಲ್ಲಿ ಹಕಾರ ಬೇಕೋ ಅಲ್ಲಿ ಬಿಡುತ್ತಾನೆ, ಬೇಡದ ಕಡೆ ಸೇರಿಸುತ್ತಾನೆ. ಗಟ್ಟಿಯಾಗಿ ಓದಿದರೆ ಮುಕ್ಕಾಲು ಪಾಲು ಬಿಡಿಸಿಕೊಳ್ಳುತ್ತದೆ. ಹೆಸರುಗಳನ್ನು ಮಾತ್ರ ಚರ್ಚಿನ ರಿಜಿಸ್ಟರುಗಳ ಜತೆ ತಾಳೆ ನೋಡಲೇಬೇಕು. ಹುಟ್ಟು, ಮದುವೆ, ಸಾವುಗಳ ಆ ರಿಜಿಸ್ಟರುಗಳನ್ನು ಇಡಬೇಕೆಂಬ ಆಜ್ಞೆ 1538ರದು, ಹಾಗಾಗಿ ಮೇಚಿನ್‌ನ ಕಾಲಕ್ಕೆ ಅವು ಇದ್ದವು. ರಾಜಕೀಯ ಘಟನೆಗಳಿಗೆ ವಿಂಡ್ಸರ್ ಹೆರಾಲ್ಡ್ ಆಗಿದ್ದ ಚಾರ್ಲ್ಸ್ ರಯತ್‌ಸ್ಲಿಯ ವೃತ್ತಾಂತ ಒಳ್ಳೆಯ ಜೋಡಿ.

ತಾರೀಖಿನಲ್ಲಿ ಎಡವುವವರು ಇನ್ನೂ ಹೆಚ್ಚು. ಆಗ ಇಂಗ್ಲೆಂಡಿನಲ್ಲಿ ವರ್ಷದ ಸಂಖ್ಯೆ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜೇನ್ ಗ್ರೇಯ ತಲೆ ಕಡಿದ ದಿನ ನಮ್ಮ ಎಣಿಕೆಗೆ 1554ರ ಫೆಬ್ರವರಿ 12, ಅವರ ಎಣಿಕೆಗೆ 1553ರದು. ಜನವರಿ 1ರಿಂದ ಮಾರ್ಚ್ 24ರವರೆಗಿನ ಯಾವುದೇ ದಾಖಲೆಯನ್ನು ಬಳಸುವ ಮೊದಲು ಅದು ಯಾವ ಎಣಿಕೆ ಎಂದು ಖಾತ್ರಿ ಮಾಡಿಕೊಳ್ಳಿ. ರೋಮನ್ ಅಂಕಿಗಳಲ್ಲಿ ಕೊನೆಯ ಒಂದನ್ನು ಬಾಲ ಎಳೆದು ಬರೆಯುತ್ತಿದ್ದರು, ಎಂಬತ್ತನ್ನು ನಾಲ್ಕು ಇಪ್ಪತ್ತು ಎಂದು ಬರೆಯುತ್ತಿದ್ದರು. ಮೇಲೆ ಚಿಕ್ಕದಾಗಿ ಬರೆದ ಇಪ್ಪತ್ತನ್ನು ಗಮನಿಸದಿದ್ದರೆ ಎಂಬತ್ತು ಹೋಗಿ ನಾಲ್ಕಾಗುತ್ತದೆ.

ವದಂತಿಯನ್ನು ಅವನು ಹೇಗೆ ಬರೆದ ಎಂಬುದಕ್ಕೆ 1555ರ ಏಪ್ರಿಲ್ 30 ಸರಿಯಾದ ಉದಾಹರಣೆ. ಮೇರಿಗೆ ಗಂಡುಮಗು ಹುಟ್ಟಿತೆಂಬ ಸುದ್ದಿ ಲಂಡನ್ನಿಗೆ ಬಂತು. ಊರೆಲ್ಲ ಗಂಟೆ ಮೊಳಗಿತು. ಮರುದಿನ ಸುದ್ದಿ ಸುಳ್ಳಾಯಿತು, ದೇವರ ಇಚ್ಛೆ ಬೇರೆ ಇತ್ತು ಎಂದು ಸೇರಿಸುತ್ತಾನೆ. ಮೊದಲ ಸಾಲನ್ನು ಹೊಡೆದುಹಾಕುವುದಿಲ್ಲ. ಇತಿಹಾಸಕ್ಕೆ ಇದರಿಂದ ಆದ ಲಾಭ ದೊಡ್ಡದು: ಸುಳ್ಳು ಸುದ್ದಿಯನ್ನು ಊರು ನಂಬಿದ್ದೂ ನಿಜ, ಹಬ್ಬ ಮಾಡಿದ್ದೂ ನಿಜ. 1558ರ ನವೆಂಬರ್ 17ರಲ್ಲೂ ಇದೇ ಬಗೆ. ಬೆಳಗ್ಗೆ 5 ಮತ್ತು 6ರ ನಡುವೆ ಮೇರಿ ಸತ್ತಳು, 11 ಮತ್ತು 12ರ ನಡುವೆ ಎಲಿಜಬೆತ್ ರಾಣಿ ಎಂದು ಸಾರಿದರು, ಮಧ್ಯಾಹ್ನ ಗಂಟೆಗಳು, ರಾತ್ರಿ ಬೀದಿಯಲ್ಲಿ ಬೆಂಕಿ ಹಾಕಿ ಮೇಜು ಇಟ್ಟು ಊಟ. ಮೇರಿಯ ಧರ್ಮವನ್ನು ಮೆಚ್ಚಿದ್ದವನು ಒಂದೇ ಹಗಲಿನ ಸಾವು ಮತ್ತು ಸಂಭ್ರಮವನ್ನು ಗಂಟೆಗಳ ಕ್ರಮದಲ್ಲಿ ಇಟ್ಟಿದ್ದಾನೆ.

ಸಣ್ಣಪುಟ್ಟ ಶಿಕ್ಷೆಗಳು, ಮೆರವಣಿಗೆಗಳು ಇವನಲ್ಲಿ ಬೇಕಾದಷ್ಟು. ಅರಮನೆಯ ವಿನೋದದ ಒಡೆಯ (ಹಬ್ಬದ ಮೋಜಿಗೆಂದು ನೇಮಿಸಿದ ಅಣಕು ಅಧಿಪತಿ) ಕ್ರಿಸ್‌ಮಸ್ ಕಾಲದಲ್ಲಿ ಟವರ್ ಬಳಿ ದೋಣಿಯಿಂದಿಳಿದು ಊರೊಳಗೆ ಬಂದದ್ದು, 1553ರ ಅಕ್ಟೋಬರ್ 29ರಂದು ತನ್ನದೇ ಸಂಘದ ಸರ್ ಥಾಮಸ್ ವೈಟ್ ಹೊಸ ಮೇಯರ್ ಆದಾಗಿನ ತುತ್ತೂರಿ, ನೀಲಿ ನಿಲುವಂಗಿಯ ಬಡವರು, ಸ್ನಾನಿಕ ಯೋಹಾನನ ಮೆರವಣಿಗೆ ಮಂಟಪ. ಲಂಡನ್ನಿನ ಮೇಯರ್ ಮೆರವಣಿಗೆಯ ಇತಿಹಾಸ ಬರೆಯುವವರು ಇವನ ನಮೂದುಗಳಿಗೆ ಬಂದೇ ಬರುತ್ತಾರೆ.

ತನ್ನ ಬಗ್ಗೆ ಅವನು ಬರೆದದ್ದು ಬೆರಳೆಣಿಕೆಯಷ್ಟು. 1550ರ ನವೆಂಬರ್ 30ಕ್ಕೆ ತಮ್ಮನೋ ಅಣ್ಣನೋ ಆದ ಕ್ರಿಸ್ಟಫರನನ್ನು ಹೂಳಿದ್ದನ್ನು ಬೇರೆ ಯಾವ ವರ್ತಕನ ಶವಸಂಸ್ಕಾರದಂತೆಯೇ ಬರೆದಿದ್ದಾನೆ. 1557ರ ಜುಲೈ 30ರ ನಮೂದು ಮಾತ್ರ ನಲಿವಿನದು: ಗೆಳೆಯರೆಲ್ಲ ಸೇರಿ ಬೆಳಗ್ಗೆ 8 ಗಂಟೆಗೆ ಆಂಕರ್ ಲೇನಿನ ನೆಲಮಾಳಿಗೆಯಲ್ಲಿ ಪೀಪಾಯಿಗಳನ್ನೇ ಮೇಜು ಮಾಡಿಕೊಂಡು, ಮೇಣದ ಬತ್ತಿಯ ಬೆಳಕಿನಲ್ಲಿ ಅರ್ಧ ಬುಷೆಲ್ ಆಯಿಸ್ಟರ್ ಎಂಬ ಚಿಪ್ಪುಮೀನುಗಳನ್ನು ಈರುಳ್ಳಿಯ ಜತೆ ತಿಂದರು. ಕುಡಿಯಲು ಏಲ್, ಕ್ಲಾರೆಟ್, ಮಸ್ಕಡೆಲ್, ಮಾಮ್ಸಿ ಎಲ್ಲವೂ ಬಿಟ್ಟಿ. ಬಂದವರ ಸಾಲಿನಲ್ಲಿ ತನ್ನ ಹೆಸರನ್ನು ಫ್ರೆಂಚ್ ಗತ್ತಿನಲ್ಲಿ ತಿರುಗಿಸಿ ಹಾಕಿಕೊಂಡಿದ್ದಾನೆ.

1561ರ ನವೆಂಬರ್ 23ರದು ಅವಮಾನದ ನಮೂದು. ಜಾನ್ ವೆರಾನ್ ಎಂಬ ಫ್ರೆಂಚ್ ಮೂಲದ ಉಪದೇಶಕ ಹುಡುಗಿಯೊಬ್ಬಳ ಜತೆ ಸಿಕ್ಕಿಬಿದ್ದ ಎಂದು ಮೇಚಿನ್ ಆಡಿಕೊಂಡಿದ್ದ. ಆ ಮಾತು ಮೇಚಿನ್‌ಗೆ ತಲುಪಿದ್ದು ಇನ್ನೊಂದು ಚರ್ಚಿನ ಗುಮಾಸ್ತನಿಂದ. ಶಿಕ್ಷೆಯಾಗಿ ಸೇಂಟ್ ಪೌಲ್ ಚರ್ಚಿನ ಅಂಗಳದ ಬಯಲು ಉಪದೇಶದ ತಾಣವಾದ ಪೌಲ್ಸ್ ಕ್ರಾಸ್‌ನಲ್ಲಿ ಎಲ್ಲರೆದುರು ಪ್ರಾಯಶ್ಚಿತ್ತ. ವೆರಾನ್ ಮತ್ತು ಬಿಷಪ್ಪನ ಮುಂದೆ ಮಂಡಿಯೂರಿದರೂ, ಗಣ್ಯ ಗೆಳೆಯರಿದ್ದರೂ ಕ್ಷಮೆ ಸಿಗಲಿಲ್ಲ. ಇದನ್ನೂ ಅವನು ಬೇರೊಬ್ಬನ ಶಿಕ್ಷೆಯಂತೆ, ತನ್ನನ್ನು ಹೆಸರಿನಿಂದ ಕರೆದು ಬರೆಯುತ್ತಾನೆ. ಊರಿನ ಸುದ್ದಿಯಲ್ಲಿ ತಾನೂ ಒಂದು ಸುದ್ದಿಯಾದಾಗ ದಾಖಲಿಸದೆ ಬಿಡಲಿಲ್ಲ ಎಂಬುದು ಅವನ ಬಗ್ಗೆ ನನಗೆ ಗೌರವ ಹುಟ್ಟಿಸುವ ಸಂಗತಿ.

ಬರಹ 1563ರ ಆಗಸ್ಟ್‌ಗೆ ನಿಲ್ಲುತ್ತದೆ. ಆ ಬೇಸಿಗೆ ಲಂಡನ್ನಿನಲ್ಲಿ ಪ್ಲೇಗು. ಕೆಟ್ಟ ಗಾಳಿ ಹೋಗಲೆಂದು ವಾರಕ್ಕೆ ಮೂರು ಸಲ ಬೀದಿಯಲ್ಲಿ ಬೆಂಕಿ ಹಾಕಬೇಕೆಂಬ ಆಜ್ಞೆ ಇತ್ತು. ನವೆಂಬರಿನಲ್ಲಿ ಮೇಚಿನ್ ಸತ್ತ, ಬಹುಮಟ್ಟಿಗೆ ಅದೇ ರೋಗದಿಂದ. ಉಯಿಲಿನಲ್ಲಿ ಈ ಬರಹವನ್ನು ಕ್ಲಾರೆನ್ಸೂ ಪದವಿಯ ಹೆರಾಲ್ಡ್ ವಿಲಿಯಂ ಹಾರ್ವಿಗೆ ಬಿಟ್ಟ. ಅಲ್ಲಿ ಅವನು ಇದನ್ನು ಕರೆದದ್ದು ವೃತ್ತಾಂತ ಎಂದು. ಯಾರ ಶವಯಾತ್ರೆಯಲ್ಲಿ ಯಾವ ಲಾಂಛನ, ಯಾವ ಮರ್ಯಾದೆ ನಡೆಯಿತು ಎಂಬುದು ಹೆರಾಲ್ಡರಿಗೆ ದಿನನಿತ್ಯ ಬೇಕಾದ ಮಾಹಿತಿ. ಬರೆದವನ ಕಣ್ಣಲ್ಲಿ ಇದು ಯಾರ ಉಪಯೋಗದ ಪುಸ್ತಕ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಇಲ್ಲ.

ಮುಂದೆ ಹಸ್ತಪ್ರತಿ ರಾಬರ್ಟ್ ಕಾಟನ್‌ನ ಸಂಗ್ರಹ ಸೇರಿತು. ಅಲ್ಲಿ ಕಪಾಟುಗಳಿಗೆ ರೋಮನ್ ಚಕ್ರವರ್ತಿಗಳ ಹೆಸರು. ಇದರ ಗುರುತು ವಿಟೆಲಿಯಸ್ ಎಫ್ 5, ಅಂದರೆ ವಿಟೆಲಿಯಸ್ ಕಪಾಟು, ಎಫ್ ಅಡ್ಡಹಲಗೆ, ಐದನೇ ಪುಸ್ತಕ. ರಾಜ ಎಡ್ವರ್ಡನ ದಿನಚರಿಯೂ ಅದೇ ಸಂಗ್ರಹದ ನೀರೋ ಕಪಾಟಿನಲ್ಲಿತ್ತು. 1731ರ ಅಕ್ಟೋಬರ್ 23ರಂದು, ಆಗ ಆ ಸಂಗ್ರಹವಿದ್ದ ವೆಸ್ಟ್‌ಮಿನ್‌ಸ್ಟರಿನ ಆಶ್‌ಬರ್ನ್‌ಹ್ಯಾಮ್ ಹೌಸಿಗೆ ಬೆಂಕಿ ಬಿದ್ದಾಗ ಮೇಚಿನ್‌ನ ಹಾಳೆಗಳ ಅಂಚುಗಳು ಸುಟ್ಟವು. ಸುಮಾರು ನೂರು ವರ್ಷ ಬಿಡಿಹಾಳೆಗಳಾಗಿಯೇ ಉಳಿದು, 1829ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಫ್ರೆಡರಿಕ್ ಮ್ಯಾಡನ್‌ನ ಉಸ್ತುವಾರಿಯಲ್ಲಿ ಜೋಡಣೆಯಾದವು. ಅದೃಷ್ಟಕ್ಕೆ ಬೆಂಕಿಗೆ ಮೊದಲೇ ಜಾನ್ ಸ್ಟ್ರೈಪ್ ಎಂಬ ಪಾದ್ರಿ ಇದರಿಂದ ಧಾರಾಳವಾಗಿ ಎತ್ತಿಕೊಂಡು ತನ್ನ ಚರ್ಚಿನ ಇತಿಹಾಸಗಳಲ್ಲಿ ಅಚ್ಚು ಹಾಕಿಸಿದ್ದ. 1848ರಲ್ಲಿ ಜಾನ್ ಗಫ್ ನಿಕೋಲ್ಸ್ ಹಳೆಯ ದಾಖಲೆಗಳನ್ನು ಅಚ್ಚು ಹಾಕಿಸುವ ಕ್ಯಾಮ್‌ಡೆನ್ ಸೊಸೈಟಿಗಾಗಿ ಪೂರ್ತಿ ಪಠ್ಯ ಹೊರತಂದಾಗ ಸುಟ್ಟ ಭಾಗಗಳನ್ನು ತುಂಬಲು ಸ್ಟ್ರೈಪ್‌ನ ಪುಸ್ತಕಗಳು ನೆರವಾದವು.

ಬಳಸುವವರು ಇಲ್ಲಿ ತುಂಬ ಜಾಗ್ರತೆಯಿಂದಿರಬೇಕು. ನಿಕೋಲ್ಸ್‌ನ ಪುಸ್ತಕದಲ್ಲಿ ಚೌಕ ಕಂಸದೊಳಗೆ ಇರುವುದು ಸುಟ್ಟ ಹಾಳೆಯಲ್ಲಿ ಇಂದು ಓದಲು ಸಿಗುವುದಲ್ಲ, ಸಂಪಾದಕ ತುಂಬಿದ್ದು. ಸ್ಟ್ರೈಪ್ ಮೇಚಿನ್‌ನ ಮಾತನ್ನು ತನ್ನ ಕಾಲದ ಇಂಗ್ಲಿಷಿಗೆ ತಿದ್ದಿ ಬರೆಯುತ್ತಿದ್ದವನು, ಆದ್ದರಿಂದ ಅವನಿಂದ ಬಂದ ಪದಗಳ ಮೇಲೆ ಭಾಷೆಯ ವಾದ ಕಟ್ಟಲಾಗದು. ಕಂಸ ಬಿಟ್ಟು ಉಲ್ಲೇಖಿಸುವವರಿಂದ ಈ ತಪ್ಪು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹರಡುತ್ತಲೇ ಇದೆ. ಮಿಶಿಗನ್ ವಿಶ್ವವಿದ್ಯಾಲಯ ಅಂತರ್ಜಾಲದಲ್ಲಿ ಹೊಸ ಆವೃತ್ತಿಯನ್ನು ಇಟ್ಟಿದೆ. ಮೇಚಿನ್‌ನ ಕಾಗುಣಿತದ ಪಠ್ಯದ ಜತೆ ಇಂದಿನ ಇಂಗ್ಲಿಷಿನ ರೂಪವೂ ಅಲ್ಲಿದೆ. ಮೊದಲು ಇಂದಿನ ರೂಪದಲ್ಲಿ 1553ರ ಜುಲೈಯಿಂದ ಅಕ್ಟೋಬರಿನವರೆಗೆ ಓದಿ. ಎಡ್ವರ್ಡನ ಸಾವು, ಜೇನ್, ಮೇರಿಯ ಪ್ರವೇಶ, ಪಟ್ಟಾಭಿಷೇಕ, ಮೇಯರ್ ಮೆರವಣಿಗೆ ಎಲ್ಲ ಆ ನಾಲ್ಕು ತಿಂಗಳಲ್ಲೇ ಇವೆ. ಆಮೇಲೆ ಅದೇ ತಿಂಗಳುಗಳನ್ನು ಮೂಲ ಕಾಗುಣಿತದಲ್ಲಿ, ನಡುವಿನ ಒಂದು ಶವಸಂಸ್ಕಾರವನ್ನೂ ಬಿಡದೆ ಓದಿ.